ಎಲ್ಲ ಭಾಷೆಯಲ್ಲೂ ಹಲೋ

ಜೂನ್ 2, ಸೋಮವಾರ

ಬೆಳಿಗ್ಗೆಯಿಂದ ಪ್ರಿಂಟರ್ ಜೊತೆ ಜಗಳ. ಗೆದ್ದದ್ದು ಪ್ರಿಂಟರ್.

ಮಧ್ಯಾಹ್ನ ಮಾಲವಿಕಾ ಮೇಡಂ ಕರೆದರು. ಲ್ಯಾಬ್ ಅವರದು. ಡಾಕ್ಟರ್, ಒಡತಿ, ಎಲ್ಲಾ ಅವರೇ. ನಾನು ಐಟಿ ಹೆಡ್. ಐಟಿಯಲ್ಲಿ ಇರುವುದೂ ನಾನೊಬ್ಬಳೇ.

“ಶರಣ್ಯಾ, ನಮ್ಮ ಹುಡುಗರು ಮನೆಮನೆಗೆ ಹೋಗಿ ಬ್ಲಡ್ ಸ್ಯಾಂಪಲ್ ತರ್ತಾರೆ. ಪೇಷಂಟ್ ಹೆಸರು, ವಿಳಾಸ, ರಿಪೋರ್ಟು ಎಲ್ಲಾ ಅವರ ಸ್ವಂತ ಫೋನಲ್ಲೇ. ನಾಳೆ ಒಂದು ಫೋನ್ ಕಳೆದ್ರೆ?”

ಅದಕ್ಕೆ ಸಾಫ್ಟ್‌ವೇರ್ ಇದೆ ಅಂದೆ. ಇಲ್ಲಿ ಕುಳಿತೇ ಕಳೆದ ಫೋನಿಗೆ ಬೀಗ ಹಾಕಬಹುದು, ಒಳಗಿನದನ್ನು ಅಳಿಸಬಹುದು. ಎರಡು ದಾರಿ. ಒಂದು, ಫೋನಿನೊಳಗೆ ಆಫೀಸಿಗೆ ಅಂತ ಬೇರೆ ಕೋಣೆ ಕಟ್ಟಿದ ಹಾಗೆ. ಅಳಿಸಿದರೆ ಆ ಕೋಣೆ ಮಾತ್ರ ಹೋಗುತ್ತದೆ. ಇನ್ನೊಂದು, ಇಡೀ ಫೋನ್ ನಮ್ಮ ಹಿಡಿತಕ್ಕೆ. ಅಳಿಸಿದರೆ ಪೂರ್ತಿ ಸ್ವಾಹಾ.

“ಪೂರ್ತೀನೇ ಇರಲಿ. ಅರ್ಧಂಬರ್ಧ ಕೆಲಸ ನನಗಾಗಲ್ಲ.”

“ಮೇಡಂ, ಫೋನ್ ಅವರದಲ್ವಾ…”

“ರಿಪೋರ್ಟು ಪೇಷಂಟ್‌ದಲ್ವಾ?”

ಅದೂ ಸರಿಯೇ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಜೂನ್ 4, ಬುಧವಾರ

ಎಲ್ಲರ ಮೀಟಿಂಗ್. ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಗಲಾಟೆ.

ಭೈರೇಶನದು ಮೊದಲ ಪ್ರಶ್ನೆ. ಬಸವೇಶ್ವರನಗರ ರೂಟಿನವನು. “ಗಾಡಿ ನಿಲ್ಸಿ ದೋಸೆ ತಿಂತಾ ಇದ್ರೆ ನಿಮ್ಗೆ ಇಲ್ಲಿ ಕಾಣ್ಸುತ್ತಾ?”

ಇಲ್ಲ ಅಂದೆ. ವಾಟ್ಸಾಪ್ ಕಾಣಲ್ಲ, ಫೋಟೋ ಕಾಣಲ್ಲ. ಫೋನಿಗೆ ಲಾಕ್ ಇದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತದೆ.

“ಹಂಗಾದ್ರೆ ಹುಡ್ಗಿ ಮೆಸೇಜೂ ಸೇಫು ಬಿಡಿ!”

ಎಲ್ಲರೂ ನಕ್ಕರು. ಜಂಬಣ್ಣ ನಗಲಿಲ್ಲ. ಹೊಸಪೇಟೆ ಕಡೆಯವರು, ನಮ್ಮಲ್ಲಿ ಹಿರಿಯರು. ಮಕ್ಕಳು ಅಳುವ ಮೊದಲೇ ಸೂಜಿ ಚುಚ್ಚಿ ತೆಗೆದಿರುತ್ತಾರೆ.

“ನೋಡವ್ವಾ, ನನ್ನ ಮೊಮ್ಮಗಳು ಹುಟ್ಟಿದಾಗಿನಿಂದ ಫೋಟೋ ಅದಾವ ಇದರಾಗ. ನೀ ಬಟನ್ ಒತ್ತಿ ಅಳಿಸಿಬಿಟ್ರ ಆಕಿ ಮತ್ತ ಹೊಸದಾಗಿ ಹುಟ್ಟತಾಳೇನು?”

ಮೇಡಂ ಎದ್ದು ನಿಂತರು. “ಸರಿ. ಮೊದಲು ನನ್ನ ಫೋನಿಗೇ ಹಾಕ್ಲಿ. ಪೂರ್ತಿ. ನನಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ನಿಮ್ಮದು.”

ಅದೇ ದಿನ, ಸಂಜೆ

ಮೇಡಂ ಫೋನ್ ಕೈಗೆ ಬಂತು. ಲಾಕೇ ಇಲ್ಲ! ಇಷ್ಟೆಲ್ಲಾ ಭಾಷಣ ಮಾಡಿದವರು!

“ಯಾರು ಪದೇಪದೇ ನಂಬರ್ ಒತ್ತೋರು?” ಅಂದರು. ಬಲವಂತವಾಗಿ ಪಿನ್ ಹಾಕಿಸಿದೆ.

ಆಗಲೇ ಒಂದು ವಾಯ್ಸ್ ಮೆಸೇಜ್ ಬಂತು. ಬೆರಳು ತಾಗಿ ಪ್ಲೇ ಆಗಿಬಿಟ್ಟಿತು.

“ಮಾಲೂ, ಊಟ ಮಾಡಿದ್ಯಾ? ಬರೀ ಕಾಫಿ ಕುಡ್ಕೊಂಡು ಓಡಾಡಬ್ಯಾಡ. ಊರಿನೋರ ಶುಗರ್ ನೋಡೋಳು, ನಿಂದು ಯಾವಾಗ ನೋಡ್ಕೊಂತೀಯ?”

ಅವರ ತಂದೆ ಗುರುಸಿದ್ದಯ್ಯನವರು. ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ದಿನಾ ಹೀಗೊಂದು ಬೈಗುಳ ಬರುತ್ತದಂತೆ. “ಒಂದೂ ಅಳಿಸಿಲ್ಲ ಕಣೇ. ಬೇಜಾರಾದಾಗ ಹಳೇದೆಲ್ಲಾ ಹಾಕ್ಕೊಂಡು ಕೇಳ್ತೀನಿ,” ಅಂದರು. ಆಗ ಮಾತ್ರ ಮೇಡಂ ಥರ ಕಾಣಲಿಲ್ಲ. ಸ್ಕೂಲ್ ಹುಡುಗಿ.

ಬ್ಯಾಕಪ್ ಇದೆಯಾ ಅಂತ ಕೇಳಿದೆ. ಸ್ಟೋರೇಜ್ ಫುಲ್ ಅಂತ ಬರುತ್ತದೆ, ಆಮೇಲೆ ನೋಡೋಣ ಅಂದರು.

ಜೂನ್ 16, ಸೋಮವಾರ, ಮಧ್ಯಾಹ್ನ

ಗಾಬರಿ ಇನ್ನೂ ಇಳಿದಿಲ್ಲ. ಬರೆದರೆ ಕಡಿಮೆಯಾದೀತು.

ಮೇಡಂ ನಾಗರಬಾವಿಯ ಹುಡುಗಿಯರ ಪಿಜಿಯೊಂದರಲ್ಲಿ ಹೆಲ್ತ್ ಕ್ಯಾಂಪ್ ಮುಗಿಸಿ ಆಟೋದಲ್ಲಿ ಬಂದರು. ಒಳಗೆ ಬಂದು ಬ್ಯಾಗ್ ತಡಕಿದರೆ ಫೋನಿಲ್ಲ. ಕಾಲ್ ಮಾಡಿದೆವು. ಸ್ವಿಚ್ ಆಫ್. ಆಟೋ ರಸ್ತೆಯಲ್ಲಿ ಕೈ ತೋರಿಸಿ ಹತ್ತಿದ್ದು, ನಂಬರ್ ನೋಡಿಲ್ಲ.

ಆಫೀಸ್ ಲಾಗಿನ್ ತಕ್ಷಣ ಮುಚ್ಚಿದೆ. ಆದರೆ ಹಿಂದಿನ ಕ್ಯಾಂಪುಗಳ ರಿಪೋರ್ಟುಗಳೆಲ್ಲಾ ಡೌನ್‌ಲೋಡ್ ಆಗಿ ಫೋನಿನೊಳಗೇ ಇವೆ. ಹೆಚ್ಚಿನವು ಊರು ಬಿಟ್ಟು ಓದಲು ಬಂದ ಹುಡುಗಿಯರದು. ಹೆಸರು, ರೂಮ್ ನಂಬರ್ ಸಮೇತ.

“ಪರವಾಗಿಲ್ಲ ಮೇಡಂ, ಪಿನ್ ಇದೆಯಲ್ಲ.”

ಮೇಡಂ ಮುಖ ಇಳಿಯಿತು. “ಮರೆತೋಗುತ್ತೆ ಅಂತ… ಚೀಟೀಲಿ ಬರೆದು ಕವರ್ ಒಳಗೇ ಇಟ್ಟಿದ್ದೆ.”

ನಗಬೇಕೋ ಅಳಬೇಕೋ. ಕವರ್ ಬೇರೆ ಟ್ರಾನ್ಸ್‌ಪರೆಂಟು!

ಇಲ್ಲಿಂದ ಬೀಗ ಹಾಕಿದರೂ ಅದೇ ಪಿನ್‌ಗೆ ತೆರೆದುಕೊಳ್ಳುತ್ತದೆ. ಉಳಿದದ್ದು ಒಂದೇ ದಾರಿ, ಪೂರ್ತಿ ಅಳಿಸುವುದು. ಸ್ಕ್ರೀನ್ ಮೇಲೆ ಕೆಂಪು ಗುಂಡಿ. ನನ್ನ ಕೈ ಮೌಸ್ ಮೇಲೆ.

ತಡೆದವರು ಜಂಬಣ್ಣ. ಮೇಷ್ಟ್ರ ಬೈಗುಳದ ಕತೆ ಅವರಿಗೂ ಗೊತ್ತು. “ಅದರಾಗ ಅಪ್ಪಾರ ದನಿ ಐತಲ್ರೀ ಮೇಡಂ. ಸ್ವಲ್ಪ ತಡೀರಿ. ಯಾರರೆ ಪುಣ್ಯಾತ್ಮರು ತಂದು ಕೊಡಬಹುದು.”

ಮೇಡಂ ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಆಮೇಲೆ — “ಆ ಮಕ್ಕಳು ನನ್ನ ನಂಬಿ ಕೈ ಚಾಚಿದಾರೆ ಜಂಬಣ್ಣ. ಒತ್ತು ಶರಣ್ಯಾ.”

ಒತ್ತಿದೆ.

ಏನೂ ಆಗಲಿಲ್ಲ! ‘ಪೆಂಡಿಂಗ್’ ಅಂತ ಬಂತು. ಫೋನ್ ಆಫ್ ಆಗಿದೆಯಲ್ಲ. ಆನ್ ಆಗಿ ನೆಟ್‌ವರ್ಕ್ ಸಿಕ್ಕ ಕೂಡಲೇ ಅಳಿಸಿಹೋಗುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಅದೇ ದಿನ, ಸಂಜೆ, ಮೆಟ್ರೋದಲ್ಲಿ

ಸೀಟ್ ಸಿಕ್ಕಿದೆ. ಪಕ್ಕದಲ್ಲಿ ಮೇಡಂ ನಿದ್ದೆ. ಎಲ್ಲಾ ಬರೆದುಬಿಡುತ್ತೇನೆ.

ಊಟದ ಡಬ್ಬಿ ತೆಗೆಯುವಾಗ ಲ್ಯಾಂಡ್‌ಲೈನ್ ಹೊಡೆದುಕೊಂಡಿತು.

“ಅಮ್ಮಾ, ರಕ್ತ ಪರೀಕ್ಷೆ ಮಾಡೋ ಜಾಗ ತಾನೆ? ನಾನು ಚಿಕ್ಕಹನುಮಯ್ಯ, ಆಟೋ ಓಡಿಸ್ತೀನಿ. ನಿಮ್ಮ ಡಾಕ್ಟ್ರಮ್ಮನ್ನ ಲ್ಯಾಬ್ ಮುಂದೆ ಇಳಿಸಿದ್ನಲ್ಲಾ, ಸೀಟ್ ಸಂದೀಲಿ ಅವರ ಫೋನ್ ಬಿದ್ದೈತೆ. ನಮ್ಮ ಮನೆಯವಳ ರಿಪೋರ್ಟ್ ಮೇಲೆ ನಿಮ್ಮ ನಂಬರ್ ಇತ್ತು, ಅದಕ್ಕೆ ಮಾಡ್ದೆ.”

ಕುಣಿಯುವುದೊಂದು ಬಾಕಿ. ವಿಳಾಸ ಬರೆದುಕೊಂಡೆ. ಕೆಂಗೇರಿ ಉಪನಗರ.

“ಫೋನ್ ಸತ್ತೋಗೈತೆ. ಇರಿ, ನಮ್ಮ ಮುನಿತಾಯಮ್ಮ ಚಾರ್ಜ್‌ಗೆ ಹಾಕ್ತಾವ್ಳೆ.”

“ಅಯ್ಯೋ ಬೇಡ! ತೆಗೀರಿ ಅಣ್ಣ, ತೆಗೀರಿ!”

“ಯಾಕಮ್ಮ, ಒಳಗೆ ಬಾಂಬ್ ಗೀಂಬ್ ಐತಾ?”

ಲೈನ್ ಕಟ್. ಮತ್ತೆ ಮಾಡಿದರೆ ಬಿಜಿ. ಅವರೂ ನಮಗೇ ಮಾಡುತ್ತಿದ್ದರೋ ಏನೋ.

‘ಕ್ಯಾನ್ಸಲ್’ ಗುಂಡಿ ಕಣ್ಣ ಮುಂದೆಯೇ ಇತ್ತು. ಮೇಡಂ ಕಡೆ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು.

“ಒಳ್ಳೆಯವರೇ ಇರಬೇಕು,” ಅಂದರು. “ಆದ್ರೆ ಫೋನ್ ಇನ್ನೂ ನಮ್ಮ ಕೈಗೆ ಬಂದಿಲ್ಲ. ನನ್ನ ಆಸೆಗೆ ರೂಲ್ ಬದಲಾಯಿಸೋದು ಬೇಡ. ನಡಿ, ಓಡೋಣ.”

ನಿಜವಾಗಿಯೂ ಓಡಿದೆವು. ಸೀರೆ ಎತ್ತಿ ಹಿಡಿದುಕೊಂಡು ಮೇಡಂ ಮೆಟ್ರೋ ಎಸ್ಕಲೇಟರ್ ಹತ್ತಿದ್ದು ಮರೆಯಲಾರೆ.

ಚಿಕ್ಕಹನುಮಯ್ಯನವರು ಬಾಗಿಲಲ್ಲೇ ನಿಂತಿದ್ದರು. ಅಂಗೈ ಮೇಲೆ ಫೋನ್, ಪ್ರಸಾದದ ಹಾಗೆ. ಮುಖದ ತುಂಬಾ ಸಂತೋಷ.

“ಜೀವ ಬಂತು ನೋಡಿ ಮೇಡಮ್ಮೋರೆ! ಬಂದಾಗ್ನಿಂದ ಹಲೋ ಹಲೋ ಅಂತ ಎಲ್ಲಾ ಭಾಷೇಲೂ ನಿಮ್ಮನ್ನೇ ಕರೀತಾ ಐತೆ, ಪಾಪ!”

ಅಳಿಸಿಹೋಗಿತ್ತು. ಅಂಗಡಿಯಿಂದ ಈಗ ತಂದ ಹೊಸ ಫೋನಿನ ಹಾಗೆ, ಪರದೆಯ ಮೇಲೆ ಒಂದಾದ ಮೇಲೊಂದು ಭಾಷೆಯಲ್ಲಿ ಹಲೋ.

ಮೇಡಂ ಅವರಿಗೆ ಕೈ ಮುಗಿದರು. ಆ ಮನುಷ್ಯನಿಗೆ ಬೇಜಾರಾಗಬಾರದು ಅಂತ ನಕ್ಕರು ಕೂಡ.

ಮುನಿತಾಯಮ್ಮ ಮಜ್ಜಿಗೆ ತಂದರು. ನಡೆದದ್ದೆಲ್ಲಾ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. “ನಂದು ಥೈರಾಯ್ಡ್ ರಿಪೋರ್ಟೂ ಅದ್ರೊಳಗೆ ಇದ್ದಿರ್ಬೋದಾ?”

ಇರಬಹುದು ಅಂದರು ಮೇಡಂ.

“ಬುಡಿ ಮತ್ತೆ. ಅಳಿಸಿದ್ದೇ ಒಳ್ಳೇದಾಯ್ತು. ನಮ್ಮ ಕಾಯಿಲೆ ಊರಿಗ್ಯಾಕೆ?”

ಮೇಡಂ ಎರಡನೇ ಲೋಟ ಮಜ್ಜಿಗೆ ಕೇಳಿ ಕುಡಿದರು. ಸ್ವಲ್ಪ ಹಗುರಾದ ಹಾಗೆ ಕಂಡಿತು.

ಹೊರಡುವ ಮೊದಲು ನನ್ನ ಫೋನಿನಿಂದ ತಂದೆಗೆ ಕಾಲ್ ಮಾಡಿದರು. ಸ್ಪೀಕರ್ ಬೇಕಿರಲಿಲ್ಲ. ಮೇಷ್ಟ್ರ ದನಿ ಬೀದಿಗೆಲ್ಲಾ ಕೇಳಿಸುತ್ತಿತ್ತು.

“ಮಧ್ಯಾಹ್ನದಿಂದ ಫೋನ್ ಹಚ್ಚಾಕ ಹತ್ತೀನಿ, ಎತ್ತೋಕೇನು ದಾಡಿ?”

“ಅಪ್ಪಾ, ಫೋನ್ ಕಳೆದಿತ್ತು. ಸಿಕ್ತು. ಆದ್ರೆ ನೀವು ಕಳಿಸಿದ್ದೆಲ್ಲಾ ಹೋಯ್ತು. ಒಂದೂ ಉಳೀಲಿಲ್ಲ.” ಅಲ್ಲಿಗೆ ದನಿ ಒಡೆಯಿತು.

“ಅದಕ್ಕ್ಯಾಕ ಅಳ್ತೀಯ? ನನ್ನ ಫೋನ್ನಾಗ ಅದಾವಲ್ಲ! ಒಂದೂ ಡಿಲೀಟ್ ಮಾಡಿಲ್ಲ.”

“ಒಂದೂ ಮಾಡಿಲ್ವಾ?”

“ಡಿಲೀಟ್ ಮಾಡೋದು ಹೆಂಗಂತ ಗೊತ್ತಿದ್ರ ತಾನೆ ಮಾಡೋದು!”

ಕಳಿಸಿದವರ ಹತ್ತಿರವೂ ಇರುತ್ತದೆ! ಇದು ನನಗೆ ಹೊಳೆಯಬೇಡವೇ? ಐಟಿ ಹೆಡ್ ಅಂತೆ. ಮೇಡಂ ಅಳುತ್ತಾ ನಗುತ್ತಾ ಮುನಿತಾಯಮ್ಮನನ್ನು ಅಪ್ಪಿಕೊಂಡುಬಿಟ್ಟರು. ಚಿಕ್ಕಹನುಮಯ್ಯನವರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಜೊತೆಗೆ ನಕ್ಕರು.

ವಿಜಯನಗರ ಬಂತು. ಮೇಡಂನ ಎಬ್ಬಿಸಬೇಕು.

ಜೂನ್ 18, ಬುಧವಾರ

ಮತ್ತೆ ಮೀಟಿಂಗ್. ಮೇಡಂ ಎಲ್ಲರ ಮುಂದೆ ಹೇಳಿದರು — “ಅಳಿಸಿದ್ದು ಸರಿ. ಎಲ್ಲಾನೂ ಅಳಿಸೋ ಹಾಗೆ ಇಟ್ಟಿದ್ದು ತಪ್ಪು. ಶರಣ್ಯಾ ಮೊದಲ ದಿನಾನೇ ಹೇಳಿದ್ಲು. ಬೇರೆ ಕೋಣೆ ಕಟ್ಟೋಣ. ನನ್ನ ಫೋನಿಗೂ ಅಷ್ಟೆ.”

ಕಿವಿ ಬಿಸಿಯಾಯಿತು. ಭೈರೇಶ ಶಿಳ್ಳೆ ಹಾಕಿದ.

ಮೊದಲು ಫೋನ್ ತಂದು ನನ್ನ ಮೇಜಿನ ಮೇಲಿಟ್ಟವರು ಜಂಬಣ್ಣ. “ಆಫೀಸ್ ಕೋಣಿ ಕೀಲಿ ನಿಂದು, ಮನಿ ಕೀಲಿ ನಂದು. ಹಿಂಗ ಹೇಳಿದ್ರ ಯಾರು ಬ್ಯಾಡ ಅಂತಾರವ್ವಾ?”

ಜೂನ್ 25, ಬುಧವಾರ, ಸಂಜೆ 5.30

ಎಲ್ಲರದೂ ಮುಗಿಯಿತು! ಸ್ಕ್ರೀನ್ ಮೇಲೆ ಸಾಲಾಗಿ ಹಸಿರು ಚುಕ್ಕೆ. ನೋಡುತ್ತಾ ಕುಳಿತಿದ್ದೇನೆ, ತೋಟ ನೋಡಿದ ಹಾಗೆ. ಗುರುಸಿದ್ದಯ್ಯನವರು ಮುಂದಿನ ವಾರ ಬರುತ್ತಾರಂತೆ, ಫೋನ್ ಸಮೇತ. ಕಾಪಿ ಮಾಡುವ ಕೆಲಸ ನನಗೆ. ಊಟ ಮೇಡಂ ಮನೆಯಲ್ಲಿ.

ಇವತ್ತು ಬೇಗ ಹೊರಡುತ್ತೇನೆ. ಮಾರೇನಹಳ್ಳಿಯಲ್ಲಿ ಅಮ್ಮನಿಗೆ ಹೂ ತೆಗೆದುಕೊಂಡು…

ಕೆಳಗೆ ಏನೋ ಗದ್ದಲ. ಜಂಬಣ್ಣನ ದನಿ. ಆಫೀಸ್ ಕೋಣೆಯ ಪಿನ್ ಮರೆತಿದೆಯಂತೆ. ತೋಚಿದ್ದೆಲ್ಲಾ ಒತ್ತಿ ನೋಡುತ್ತಿದ್ದಾರೆ. ಭೈರೇಶ ಪಕ್ಕದಲ್ಲಿ ನಿಂತು ಹುರಿದುಂಬಿಸಿ ಎಣಿಸುತ್ತಿದ್ದಾನೆ, ಏಳು… ಎಂಟು… ಅಯ್ಯೋ, ಹತ್ತು ಸಲ ತಪ್ಪಾದರೆ ಅದು ತಾನಾಗಿಯೇ ಅಳಿಸಿ—

ಜಂಬಣ್ಣಾ, ಮುಟ್ಟಬೇ