ಹನ್ನೆರಡು ವರ್ಷ ಹಿಂದಿರೋ ಕಂಪ್ಯೂಟರ್

ಅಪ್ಪಾ,

ಪ್ಲಗಿನ್ ಇನ್‌ಸ್ಟಾಲ್ ಆಗ್ತಿಲ್ಲ ಅಂತ ಕಂಪ್ಯೂಟರ್‌ಗೆ ಬೈಬೇಡಿ. ಊರವರ ಗಡಿಯಾರ ಎಲ್ಲಾ ರಿಪೇರಿ ಮಾಡ್ತೀರಿ, ನಮ್ಮ ಮನೆ ಕಂಪ್ಯೂಟರಿನ ತಾರೀಖು ಮಾತ್ರ ಹನ್ನೆರಡು ವರ್ಷ ಹಿಂದಿದೆ! ಇಂಟರ್‌ನೆಟ್ ಅದನ್ನ ಹೇಗೆ ನಂಬುತ್ತೆ?

ತಾರೀಖು ನೆನಪಿಡೋ ಒಳಗಿನ ಬಟನ್ ಸೆಲ್ ಸತ್ತಿದೆ. ನಿಮ್ಮ ಡ್ರಾಯರಲ್ಲಿ ಡಬ್ಬಿ ತುಂಬ ಇದೆಯಲ್ಲ, ಒಂದು ಹಾಕಿ. ಮೊದಲು ಪ್ಲಗ್ ಕೀಳಿ, ಮರೀಬೇಡಿ. ಆಮೇಲೆ ತಾರೀಖು ಸರಿ ಮಾಡಿ, ಇನ್‌ಸ್ಟಾಲ್ ಅಂತ ಒಂದೇ ಸಲ ಒತ್ತಿ. ಹತ್ತು ಸಲ ಬಡಿಯೋಕೆ ಅದೇನು ಪಕ್ಕದ ಮನೆ ಬಾಗಿಲಲ್ಲ.

ಅಕ್ಷರ ಓದಿ ಹೇಳೋ ಪ್ಲಗಿನ್ ಯಾರಿಗೆ ಅಂತ ನಾನು ಕೇಳಿಲ್ಲ. ಈ ಚೀಟೀನ ಇಷ್ಟು ದಪ್ಪಕ್ಷರದಲ್ಲಿ ಯಾಕೆ ಬರೆದೆ ಅಂತ ನೀವೂ ಕೇಳಬೇಡಿ.

ನಾಳೆ ಹತ್ತಕ್ಕೆ ಕಣ್ಣಿನ ಡಾಕ್ಟರ ಹತ್ರ ಹೋಗ್ತಿದೀವಿ. ಕಂಪ್ಯೂಟರ್ ತೋರಿಸಿ, "ಇನ್ನೂ ಹನ್ನೆರಡು ವರ್ಷ ಟೈಮಿದೆ ಕಣೇ" ಅಂದ್ರೆ ನಾನು ಕೇಳಲ್ಲ.