ಇಲಿಯ ಊತ ಇಳಿಯಿತು, ಅತ್ತೆಯದು ಇಳಿಯಲಿಲ್ಲ

ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರಿಗೆ,

ಮಾನ್ಯರೇ, ಊತಕ್ಕೆ ಔಷಧಿಯಾಗಬಹುದಾದ ಪುಡಿಯೊಂದು ನಮ್ಮ ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಅದನ್ನು ಮುಟ್ಟದಂತೆ ತಡೆದಿರುವುದು ನಿಮ್ಮ ನಿಯಮ. ನಾನು ಸೋಲದೇವನಹಳ್ಳಿ ಬಳಿಯ ಫಾರ್ಮಸಿ ಕಾಲೇಜಿನಲ್ಲಿ ಸಂಶೋಧನಾ ಮಾರ್ಗದರ್ಶಕಿ. ಹೋದ ವರ್ಷ ನನ್ನ ವಿದ್ಯಾರ್ಥಿ ಗೋಕುಲ್ ತಯಾರಿಸಿದ ಈ ಸಂಯುಕ್ತ ಇಲಿಗಳ ಪಾದದ ಊತವನ್ನು ಚೆನ್ನಾಗಿಯೇ ಇಳಿಸಿತು, ಹೊಟ್ಟೆಯಲ್ಲಿ ಹುಣ್ಣೂ ಮಾಡಲಿಲ್ಲ. ಅದು ದೇಹಕ್ಕೆ ವಿಷವೋ ಅಲ್ಲವೋ ಪರೀಕ್ಷಿಸುತ್ತೇನೆಂದು ಈ ವರ್ಷ ಮೋನಿಷಾ ಮುಂದೆ ಬಂದಳು. "ವಿಷಯ ಹೊಸದಲ್ಲ" ಎಂದು ನಿಮ್ಮ ಕಚೇರಿ ತಿರಸ್ಕರಿಸಿತು. ಹೊಸದೆಂದರೆ ಏನು ಸ್ವಾಮಿ? ಹಳೆಯ ಅಣುವಿಗೆ ಈ ವರ್ಷ ಕ್ಲೋರಿನ್ ಅಂಟಿಸುವುದು, ಮುಂದಿನ ವರ್ಷ ಅದನ್ನು ಕಿತ್ತು ಬ್ರೋಮಿನ್ ಅಂಟಿಸುವುದು, ತಾನೇ? ವರ್ಷವರ್ಷವೂ ನಾಮಕರಣದ ಊಟ, ಕೂಸು ನಡೆಯಲು ಕಲಿಯಿತೇ ಎಂದು ಕೇಳುವವರಿಲ್ಲ. ಹಾಗೆಂದು ನಿಮ್ಮನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. "ಹೋಗ್ಲಿ ಬಿಡಮ್ಮ, ಒಂದ್ ಬ್ರೋಮಿನ್ ಹಾಕಿ ಮುಗ್ಸು" ಎಂದು ಮೋನಿಷಾಳಿಗೆ ಹೇಳಿದವಳು ನಾನೇ.

ಕೆಂಪಾಪುರದ ನಮ್ಮ ಮನೆಯಲ್ಲಿ ಅತ್ತೆ ಮುನಿಗಂಗಮ್ಮ ಇದ್ದಾರೆ. ಅವರಿಗೆ ಬೆರಳಿನ ಗಂಟುಗಳು ಊದುವ ಸಂಧಿವಾತ. ಗೋಕುಲನ ಇಲಿಗಳ ಸುದ್ದಿಯನ್ನು ಊಟಕ್ಕೆ ಕೂತಾಗ ಜಂಭದಿಂದ ಹೇಳಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ. ಅತ್ತೆ ನಂಬಿದರು, ಡಾಕ್ಟರು ಕೊಟ್ಟ ಮಾತ್ರೆಗಳನ್ನು ಸದ್ದಿಲ್ಲದೆ ನಿಲ್ಲಿಸಿದರು. ನನಗೆ ತಿಳಿದದ್ದು, ಮುದ್ದೆ ಕಟ್ಟಲು ಅವರ ಬೆರಳು ಬಗ್ಗದೆ ಹೋದ ದಿನ.

"ಯಾಕತ್ತೆ ನಿಲ್ಸಿದ್ರಿ?"

"ಆ ಮಾತ್ರೆಗೆ ಒಟ್ಟೆ ಉರೀತದೆ ಕಣವ್ವ. ನಮ್ಮನೇ ಔಸ್ದಿನೇ ಬತ್ತದೆ ಅಂದ್ಯಲ್ಲ, ಅದ್ಕೇ ಕಾಯ್ತಿದ್ದೆ. ಆ ಇಲಿಗಳು ಈಗ ಎಂಗವೆ?"

ಪ್ರಯೋಗ ಮುಗಿದ ಮೇಲೆ ಅವನ್ನು ಕೊಲ್ಲುತ್ತೇವೆ ಎನ್ನಲು ನಾಲಿಗೆ ಏಳಲಿಲ್ಲ. "ಚೆನ್ನಾಗಿವೆ" ಎಂದೆ.

ಮತ್ತೆ ಆಸ್ಪತ್ರೆಗೆ ಕರೆದೊಯ್ದೆ. ಮಾತ್ರೆ ಶುರುವಾಗಿದೆ, ಆದರೆ ಸೊಟ್ಟಗಾದ ಬೆರಳು ಇನ್ನು ನೆಟ್ಟಗಾಗದು ಎಂದರು ಡಾಕ್ಟರು. ಈಗ ಮನೆಯಲ್ಲಿ ಮುದ್ದೆ ಕಟ್ಟುವವಳು ನಾನು.

ಆದ್ದರಿಂದ ಮೋನಿಷಾಳ ಅರ್ಜಿಯನ್ನು ಮತ್ತೆ ತೆಗೆದು ಒಪ್ಪಿಗೆ ಕೊಡಿ. ಪುಡಿ ವಿಷವೆಂದು ತಿಳಿದರೆ ವಿಷವೆಂದೇ ಬರೆಯುತ್ತೇವೆ. ಅದನ್ನಾದರೂ ಅತ್ತೆಗೆ ನಿಜವಾಗಿ ಹೇಳಬಹುದು. ಈಗಲೂ ನಾನು ಕಾಲೇಜಿಗೆ ಹೊರಟರೆ ಅವರು ಬಾಗಿಲವರೆಗೆ ಬಂದು ಹೇಳುತ್ತಾರೆ: "ಆ ಇಲಿಗಳ್ನ ಚೆನ್ನಾಗ್ ನೋಡ್ಕೊ ಕಣವ್ವ."

ಇಂತಿ,
ಚೆನ್ನಾಗಿವೆ ಎಂದು ಸುಳ್ಳು ಹೇಳಿದ ಸೊಸೆ,
ನಾಗಲಕ್ಷ್ಮಿ