ಉ ಎಂಬ ಗುರುತು

ಜನವರಿ 6. ಬೆಳಿಗ್ಗೆ 10

ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಪುಟ ಸ್ವರ ಅಚ್ಚಿಗೆ ಇಳಿಸಿ ಮುಗಿಯಿತು, ಇನ್ನೂ ಮೂರಿವೆ. ಶಿದ್ದಪ್ಪ ಕಾಕಾನ ಕೈಬರಹ ನೋಡಿ ನೋಡಿ ಕಣ್ಣು ಉರಿ. ಕಾಕಾ ತಾವೇ ಕಟ್ಟಿದ ಧಾಟಿ. ನಲವತ್ತು ವರ್ಷ ಹುಬ್ಬಳ್ಳಿಯ ಮದುವೆಗಳ ಮುಂದೆ ಕ್ಲಾರಿನೆಟ್ ಊದುತ್ತ ನಡೆದವರು. ಮೆರವಣಿಗೆಗೆ ಮುಂದೆ ಬೇಕು, ಪಂಕ್ತಿಗೆ ಬೇಡ — ಬ್ಯಾಂಡಿನವರ ಊಟ ಪೆಂಡಾಲಿನ ಹಿಂದೆ. ಈಗ ಮೊದಲ ಸಲ ಸಭಾಂಗಣ, ಕುರ್ಚಿ. 26ಕ್ಕೆ, ವಿನೋದ ಸರ್ ನಡೆಸುವ ವಾದ್ಯವೃಂದದಲ್ಲಿ, ಪಿಟೀಲಿನವರ ಪಕ್ಕ.

"ಜಯವ್ವಾ, ನನ್ನ ಹೆಸರು ಬರ್ತೈತೇನು?"

"ಮ್ಯಾಲ, ದಪ್ಪಕ್ಷರದಾಗ, ಕಾಕಾ."

"ಸಣ್ಣದಿದ್ರೂ ನಡೀತೈತಿ ಬಿಡವಾ."

ಜನವರಿ 8

ಹಾಳೆಯ ತುಂಬ ಪೆನ್ಸಿಲಿನ ಗುರುತು. ಜ — ಜೋರು. ಸ — ಸಣ್ಣಗೆ. ಉ — ಉದ್ದ. ಉ ಇದ್ದಲ್ಲೆಲ್ಲ ಕಮಾನು ಗೆರೆ ಎಳೆದೆ, ಬಿಡದೆ ನುಡಿಸಲಿ ಎಂದು. ಹನ್ನೊಂದು ವಾದ್ಯಕ್ಕೆ ಹನ್ನೊಂದು ಪಾರ್ಟ್, ಅಂದರೆ ಅವರವರ ಸ್ವರದ ಹಾಳೆ; ಒಂದೊಂದಕ್ಕೂ ಗುರುತು ಹಾಕುತ್ತ ಕೂತರೆ ವಾರ ಹಿಡಿಯುತ್ತದೆ. ದಾರಿ ಸಿಕ್ಕಿತು. ಸ್ವರ ಬಿಟ್ಟು ಗುರುತು ಮಾತ್ರ ಸೆಲೆಕ್ಟ್, ಕಾಪಿ. ಉಳಿದ ಹತ್ತು ಪಾರ್ಟ್ ಒಟ್ಟಿಗೆ ಹಿಡಿದು ಪೇಸ್ಟ್. ನಾಲ್ಕೇ ನಿಮಿಷ. ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಜನವರಿ 17. ಸಂಜೆ

ಮೊದಲ ತಾಲೀಮು. ಎರಡು ಸಾಲು ಪೂರ್ತಿ ಉಸಿರಿಗೆ ಜಾಗವಿಲ್ಲ. ಪಿಟೀಲಿನವರಿಗೇನು, ಕೈ ಆಡಿಸಿದರೆ ಮುಗಿಯಿತು. ಕಾಕಾನ ಬ್ಯಾಂಡಿನಿಂದಲೇ ಬಂದ, ಕಾರ್ನೆಟ್ ತುತ್ತೂರಿಯ ಇಕ್ಬಾಲ ಕದ್ದು ಉಸಿರೆಳೆದ. ವಿನೋದ ಸರ್ ಕೋಲು ತಟ್ಟಿದರು.

"ಗೆರಿ ಕಾಣಂಗಿಲ್ಲೇನ್ರಿ? ಕಾಗದದಾಗ ಇದ್ದಂಗ ಬಾರಸ್ರಿ."

ಕಾಕಾ ಹಾಗೆಯೇ ನುಡಿಸಿದರು. ಅಚ್ಚಿನ ಕಾಗದಕ್ಕೆ ಎದುರಾಡಿದವರಲ್ಲ. ಮದುವೆ ಇಲ್ಲದ ದಿನವೆಲ್ಲ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದ ಎದೆ... ಎರಡನೆಯ ಸಾಲಿಗೆ ಕೆಮ್ಮು. ಕುರ್ಚಿ ಹಿಡಿದು ಬಗ್ಗಿದರು.

ಹೊರಗೆ ಚಹಾ ಕುಡಿಯುವಾಗ ಕೇಳಿದರು. "ಯವ್ವಾ, ನಾ ಉ ಬರದ ಕೊಟ್ಟಿದ್ನಲ್ಲ?"

"ಹಾಕೇನಲ್ಲ ಕಾಕಾ. ಉದ್ದ."

ಇಕ್ಬಾಲ ನಕ್ಕುಬಿಟ್ಟ. "ಬ್ಯಾಂಡಿನವರ ಉ ಅಂದ್ರ ಉಸಿರು, ಅಕ್ಕಾ. ದಮ್ಮು ತಗೊಳ್ಳು ಜಾಗಾದಾಗ ನೋಡಿ ನೋಡಿ ಉರುಲು ಹಾಕೀಯಲ್ಲ."

ಹನ್ನೊಂದು ಪಾರ್ಟ್‌ಗೆ. ನಾಲ್ಕು ನಿಮಿಷದಲ್ಲಿ.

ಜನವರಿ 18

ಬೆಳಿಗ್ಗೆಯೇ ಎಲ್ಲ ಗೆರೆ ಕಿತ್ತು, ಉಸಿರಿನ ಗುರುತು ಹಾಕಿ ವಿನೋದ ಸರ್ ಬಳಿ ಒಯ್ದೆ. ತಪ್ಪು ನನ್ನದು ಎಂದೆ.

"ತಪ್ಪಿರಬಹುದ್ರಿ. ಆದ್ರ ಛಲೋ ಕೇಳಸ್ತೈತಿ, ಹರಿಯೂ ನೀರಿನಂಗ. ಹಳೇದ ಇರ್ಲಿ."

"ಸರ, ಅದು ಅವರ ಧಾಟಿ. ಅವರಿಗೇ ಊದಾಕ ಆಗಂಗಿಲ್ಲ."

"ಹೆಸರು ಹಾಕೇವಲ್ರಿ ಮತ್ತ."

ಇಪ್ಪತ್ತು ವರ್ಷ ಸಂಘಟನೆಯಲ್ಲಿ ಧರಣಿ ಕೂತವಳು ನಾನು. ಸಾಹೇಬರ ಮೇಜು ಗುದ್ದಿದವಳು. ಘೋಷಣೆ ಕೂಗಲು ಎದುರಿಗೆ ವೈರಿ ಬೇಕು. ಮೇಜಿನ ಮೇಲಿದ್ದದ್ದು ನನ್ನದೇ ಪ್ರಿಂಟ್‌ಔಟ್.

ಜನವರಿ 22

ಕಾಕಾನ ಮನೆಗೆ ಹೋದೆ. ಹೊಸ್ತಿಲಲ್ಲೇ ಕೇಳಿಸಿತು — ಧಾಟಿ, ಕೆಮ್ಮು, ಮತ್ತೆ ಮೊದಲಿಂದ ಧಾಟಿ.

"ಕಾಕಾ, ನಡುವ ಉಸಿರು ತಗೊಳ್ರಿ. ಯಾರ ಏನ್ ಮಾಡ್ತಾರ?"

"ಹರಿಯೂ ನೀರಿನಂಗೈತಿ ಅಂದಾರಂತ ಸರ್. ನನ್ನಿಂದ ಅವರ ನೀರು ನಿಲ್ಲಬಾರ್ದವಾ," ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜನವರಿ 24. ಮಧ್ಯಾಹ್ನ 3

ವಿನೋದ ಸರ್ ಮೆಸೇಜು: ವೇದಿಕೆಯಲ್ಲಿ ಕೆಮ್ಮು ಬೇಡ. ಕ್ಲಾರಿನೆಟ್ ಪಾರ್ಟ್ ಕೀಬೋರ್ಡಿಗೆ ಹಾಕಿ, ನಮ್ಮ ಹುಡುಗ ಬಸವಕಿರಣ ನುಡಿಸುತ್ತಾನೆ. ಸಂಜೆಯೊಳಗೆ ಬೇಕು. ಶಿದ್ದಪ್ಪನವರಿಗೆ ಸಭಿಕರ ಮುಂದಿನ ಸಾಲಿನಲ್ಲಿ ಆಸನ, ಶಾಲು.

ಶಾಲು ಹೊದಿಸಿ ಬಾಯಿ ಮುಚ್ಚುವುದು. ಎಷ್ಟು ನೋಡಿಲ್ಲ... ಮಾಡಲಾರೆ ಎಂದು ಬರೆದು, ಕಳಿಸದೆ ಕೂತಿದ್ದೆ. ಅಷ್ಟರಲ್ಲಿ ಕಾಕಾ ತಾವೇ ಬಂದರು. ಅವರಿಗೂ ಫೋನ್ ಹೋಗಿತ್ತು.

"ಮಾಡವಾ. ನೀ ಒಲ್ಲೆ ಅಂದ್ರ ಮತ್ತೊಬ್ರು ಮಾಡ್ತಾರ. ಸ್ವರಾನೂ ಕೆಡಸ್ತಾರ."

ಸೆಲೆಕ್ಟ್. ಕಾಪಿ. ಪೇಸ್ಟ್. ಒಂದು ಸೆಕೆಂಡೂ ಹಿಡಿಯಲಿಲ್ಲ. ಇನ್ನು ಕ್ಲಾರಿನೆಟ್ ಪಾರ್ಟ್ ಅಳಿಸಬೇಕು, ಅಳಿಸಲೇ ಎಂದು ಸಾಫ್ಟ್‌ವೇರ್ ಕೇಳುತ್ತಿದೆ. ಪರದೆ ಹಾಗೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಾಕಾ ಪಕ್ಕದ ಸ್ಟೂಲಿನ ಮೇಲೆ.

"ಏನ್ ಕೇಳಾಕತ್ತೈತಿ ಅದು? ಇಂಗ್ಲೀಷು ನನಗ ತಿಳಿಯಂಗಿಲ್ಲ. ಓದಿ ಹೇಳು."

ಹೌದು, ಇಲ್ಲ — ಎರಡೇ ಗುಂಡಿ. ಇಲ್ಲ ಒತ್ತಿದರೂ 26ಕ್ಕೆ ಆ ಧಾಟಿ ನುಡಿಸುವವನು ಬಸವಕಿರಣನೇ.